ಹತ್ತಿ ಅಂಡಿಗೆಗಳ ನಡುವೆ ಗೌಡರು

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲ ಕೈ ನನ್ನದು. ಬಿ.ಎಸ್ಸಿ., ರಸಾಯನಶಾಸ್ತ್ರ, ಎರಡನೇ ದರ್ಜೆ. ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ. ದೆವ್ವ, ಮಾಟ, ಗಾಳಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಮೂರು ದಾರಿ ಕೂಡುವಲ್ಲಿ ಇಟ್ಟ ಲಿಂಬೆಹಣ್ಣನ್ನು ತುಳಿದು ನಡೆದವನು ನಾನು. ಹೀಗಿದ್ದೂ ಹೇಳುತ್ತೇನೆ, ಆ ರಾತ್ರಿ ನಡೆದದ್ದು ನಡೆದದ್ದೇ. ಸುಳ್ಳು ಹೇಳಿದರೆ ನನಗೆ ಯಾವ ಲಾಭವೂ ಇಲ್ಲ. ನಿಜ ಹೇಳಿದರೆ ಹೋಗುವುದು ನನ್ನದೇ ಮರ್ಯಾದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ನವಲಗುಂದ ತಾಲೂಕಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಹೆಸರು ದೊಡ್ಡದು. ಕೆಲಸವೆಂದರೆ ಸೈಕಲ್ ತುಳಿಯುವುದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಿಡಿಯುವುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು. ಆದರೂ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಆ ಪೆನ್ನಿಗಾಗಿ ನನ್ನ ಅಪ್ಪ ಯಲ್ಲಪ್ಪ ಮೂವತ್ತು ವರ್ಷ ಊರಿನ ಸತ್ತ ದನ ಎಳೆದಿದ್ದ.

ಹೆಚ್ಚಾಗಿ ಎಳೆದದ್ದು ಗೌಡರ ಕೊಟ್ಟಿಗೆಯಿಂದ. ಊರಿನ ಹೆಸರು, ಗೌಡರ ಹೆಸರು ಎರಡೂ ಬೇಡ. ಅವರ ಮೊಮ್ಮಕ್ಕಳು ಒಳ್ಳೆಯವರು. ತಿರ್ಲಾಪುರದ ಕಡೆಯ ಕರಿನೆಲದ ಒಂದು ಹಳ್ಳಿ ಅಂದುಕೊಳ್ಳಿ.

ನಾನು ಪಾಸಾದಾಗ ಅಪ್ಪ ಧಾರವಾಡದಿಂದ ಕಾಲು ಕಿಲೋ ಪೇಢೆ ತರಿಸಿ, ನನ್ನನ್ನು ಗೌಡರ ಮನೆಗೆ ಕರೆದುಕೊಂಡು ಹೋದ. ಕಟ್ಟೆಯ ಕೆಳಗೆ ನಿಂತು, ಪೊಟ್ಟಣವನ್ನು ಕಟ್ಟೆಯ ಅಂಚಿಗೆ ಇಟ್ಟ.

"ನನ್ನ ಮಗ ಬಿಎಸ್ಸಿ ಆಗ್ಯಾನ್ರೀ ಗೌಡ್ರ. ಬಾಯಿ ಸಿಹಿ ಮಾಡ್ಕೋರಿ."

ಗೌಡರು ಅಡಿಕೆ ಕತ್ತರಿಸುತ್ತ, ನನ್ನ ಮುಖ ನೋಡದೆ ಅಂದರು: "ಚಲೋ ಆತು ಬಿಡಲೇ ಯಲ್ಲ್ಯಾ. ಆದ್ರ ನಾಳೆ ನಮ್ಮ ಎಮ್ಮಿ ಸತ್ರ ಯಾರು ಎಳೀಬೇಕೋ? ಈ ಬಿಎಸ್ಸಿ ಎಳೀತಾನೇನು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಅವರ ನಗುವಿಗಿಂತ ಅಪ್ಪನ ನಗು ನನಗೆ ಹೇಸಿಗೆ ತಂದಿತು. ನಾವು ಓಣಿಯ ತಿರುವು ದಾಟುವ ಮೊದಲೇ ಹಿಂದೆ ನಾಯಿಯೊಂದು ಪೊಟ್ಟಣದ ಕಾಗದ ಹರಿಯುವ ಸಪ್ಪಳ ಕೇಳಿಸಿತು...

ಇದಾಗಿ ಆರು ವರ್ಷಕ್ಕೆ, ಹತ್ತಿ ಬಿಡಿಸುವ ಚಳಿಯ ದಿನಗಳಲ್ಲಿ, ಆ ಗೌಡರಿಗೆ ಲಕ್ವಾ ಹೊಡೆಯಿತು.

ಮುಂಜಾನೆ ಹೊಲದಲ್ಲಿ ತಲೆ ತಿರುಗಿದೆ. ಒಂದು ಎತ್ತು ಎರಡಾಗಿ ಕಾಣುತ್ತದೆ ಅಂದರಂತೆ. ಆಮೇಲೆ ವಾಂತಿ. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಮಧ್ಯಾಹ್ನದ ಹೊತ್ತಿಗೆ ಎರಡು ಕೈ, ಎರಡು ಕಾಲು, ನಾಲ್ಕೂ ಬಿದ್ದುಹೋದವು. ನವಲಗುಂದದಿಂದ ಡಾಕ್ಟರು ಜೀಪಿನಲ್ಲಿ ಹೊರಟಾಗ ಆ ಊರಿನವನು ಅಂತ ನನ್ನನ್ನೂ ಹತ್ತಿಸಿಕೊಂಡರು. ನೋಡಿದರು, ಒಂದು ಗ್ಲೂಕೋಸ್ ಬಾಟಲಿ ಹಚ್ಚಿದರು, ಅಂಗಳಕ್ಕೆ ಬಂದು ಮೆಲ್ಲಗೆ ಹೇಳಿದರು:

"ಮೆದುಳಿನ ಹಿಂಭಾಗದಾಗ ದೊಡ್ಡ ರಕ್ತನಾಳ ಬಂದ್ ಆಗೈತಿ ಅನಸ್ತದ. ಹುಬ್ಬಳ್ಳಿಗೆ ಒಯ್ದ್ರೂ ಮಾಡೂದೇನಿಲ್ಲ. ನೀ ರಾತ್ರಿ ಇಲ್ಲೇ ಇದ್ದು ಬಾಟ್ಲಿ ಬದಲಿ ಮಾಡು. ಬೆಳಗ ಹರಿಯೂದು ಕಷ್ಟ ಐತಿ."

ಆಗಿನ ಕಾಲಕ್ಕೆ ಆ ಮಾತಿನಲ್ಲಿ ತಪ್ಪಿರಲಿಲ್ಲ.

ನಾನು ಆರೋಗ್ಯ ಘಟಕಕ್ಕೆ ಹೋಗಿ ಇನ್ನೆರಡು ಬಾಟಲಿ ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ತಲಬಾಗಿಲು ದಾಟುತ್ತಿದ್ದಂತೆಯೇ ವಾಸನೆ ಮುಖಕ್ಕೆ ಬಡಿಯಿತು. ಹಸಿ ರಕ್ತ, ಮುಗ್ಗಿದ ಎಣ್ಣೆ, ಅದರ ಮೇಲೆ ಊದಿನಕಡ್ಡಿ.

ನಾನಿಲ್ಲದಾಗ ಯಾರೋ ಲಕ್ವಾದ ವೈದ್ಯನನ್ನು ಕರೆಸಿದ್ದರು. ಅವನು ಒಂದು ಪಾರಿವಾಳದ ಕುತ್ತಿಗೆ ಕೊಯ್ದು, ಬಿಸಿ ರಕ್ತಕ್ಕೆ ಹಳೆಯ ಎಣ್ಣೆ ಕಲಸಿ ಗೌಡರ ನೆತ್ತಿಗೆ, ಕೈಕಾಲಿಗೆ ತಿಕ್ಕಿ ಹೋಗಿದ್ದ. ಉಳ್ಳಾಗಡ್ಡಿಯ ವಾಸನೆ ಬಂದರೂ ಮೂಗು ಮುರಿಯುವ ಮನೆ ಅದು. ಅಂಥ ಮನೆಯ ಪಡಸಾಲೆಯಲ್ಲಿ, ಮೂರು ಹೊತ್ತು ಲಿಂಗಪೂಜೆ ಮಾಡುತ್ತಿದ್ದ ಮನುಷ್ಯನ ಕಿವಿಯೊಳಗೆ ಹಕ್ಕಿಯ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಗಲ್ಲಕ್ಕೆ ಎರಡು ಬೂದಿಬಣ್ಣದ ಪುಚ್ಚ ಅಂಟಿದ್ದವು.

ಮತ್ತೆ... ಅವರನ್ನು ಕೂಡ್ರಿಸಿದ್ದರು.

ಗೊತ್ತಿಲ್ಲದವರಿಗೆ ಹೇಳಬೇಕು. ಲಿಂಗ ಕಟ್ಟುವ ಅವರ ಜಾತಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡ್ರಿಸಿ, ಪೂಜೆ ಮಾಡಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅದು ಸತ್ತ ಮೇಲಿನ ಮಾತು. ಇಲ್ಲಿ ಜೀವವಿತ್ತು.

ಗೌಡರ ತಮ್ಮ, ಊರವರು ಸಣ್ಣಗೌಡರು ಎನ್ನುತ್ತಿದ್ದರು, ನಾನು ಕೇಳುವ ಮೊದಲೇ ಅಂದರು: "ನಮ್ಮ ಕಾಕಾ ರಾತ್ರಿ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಗ ಹರಿಯೂದ್ರಾಗ ಕಟ್ಟಿಗಿ ಆಗಿದ್ದ. ಮೊಣಕಾಲ ಮಡಚಾಕ ನಾಕ ಮಂದಿ ಬಿದ್ವಿ. ಲಟ್ ಅಂತು... ಆ ಸಪ್ಪಳ ಈಗೂ ಕಿವ್ಯಾಗ ಐತಿ. ನಮ್ಮಣ್ಣಗ ಹಂಗ ಆಗಬಾರದು. ಮುಂಜಾನಿ ಅಯ್ಯನವರು ಬರ್ತಾರ, ಅಲ್ಲೀತನಕ ಹಿಂಗ ಇರ್ಲಿ."

ಅದರಲ್ಲಿ ಪ್ರೀತಿ ಇರಲಿಲ್ಲ ಎನ್ನಲಾರೆ. ಪಡಸಾಲೆಯಲ್ಲಿ ಹತ್ತಿ ತುಂಬಿದ ಅಂಡಿಗೆಗಳು ಆಳೆತ್ತರ ನಿಂತಿದ್ದವು. ಅಂಥ ಎರಡು ದೊಡ್ಡ ಚೀಲಗಳ ನಡುವೆ ಗೌಡರನ್ನು ಸಿಕ್ಕಿಸಿ, ಎದೆಗೆ ಧೋತರದ ತುಂಡು ಸುತ್ತಿ ಹಿಂದಿನ ಕಂಬಕ್ಕೆ ಕಟ್ಟಿದ್ದರು. ತಲೆಗೆ ಬಿಳಿ ರುಮಾಲು. ಅದರ ಅಂಚು ರಕ್ತದಿಂದ ಗಟ್ಟಿಯಾಗಿತ್ತು. ರಕ್ತ ಅಂಟಿದ್ದಲ್ಲೆಲ್ಲ ಹತ್ತಿಯ ಎಳೆ ಮೆತ್ತಿಕೊಂಡಿದ್ದವು. ಕಣ್ಣು ಮುಚ್ಚಿತ್ತು. ಜೊಲ್ಲು ಸುರಿದು ಎದೆಯ ಮೇಲಿನ ಲಿಂಗದ ಕರಡಿಗೆ ತೊಯ್ದಿತ್ತು.

ಗೌಡರ ಹೆಂಡತಿ ನೀಲವ್ವ ಒಬ್ಬರೇ ಅವರ ಕೈ ಹಿಡಿದು ಕೂತಿದ್ದರು. ಸಣ್ಣಗೌಡರು ಅವರನ್ನೂ ಎಬ್ಬಿಸಿದರು. ಹೋಗುವಾಗ ಆ ತಾಯಿ ನನ್ನ ಹತ್ತಿರ ಬಂದು, "ತಮ್ಮಾ, ಕಣ್ಣ ಬಿಟ್ರ ನನ್ನ ಕರಿ. ಎಷ್ಟೊತ್ತಾದ್ರೂ ಕರಿ," ಅಂದರು.

"ಆತ್ರೀ ಅವ್ವಾರ."

ನನಗೆ ಚಹಾ ಬಂತು. ಹೊರಗಿನ ಗೂಡಿನಲ್ಲಿ ನಮ್ಮಂಥವರಿಗಾಗಿ ಇಟ್ಟಿದ್ದ ಕಪ್ಪಿನಲ್ಲಿ. ಗೌಡರ ವಾಂತಿ ಬಳಿಯಲು ನಾನು ಪಡಸಾಲೆಗೆ ಬರಬಹುದು. ಕಪ್ಪು ಮಾತ್ರ ನಾನೇ ತೊಳೆದು ಮತ್ತೆ ಹೊರಗಿನ ಗೂಡಿಗೇ ಇಡಬೇಕು. ಕುಡಿಯದೆ ಚೆಲ್ಲಿದೆ.

ಎಲ್ಲರೂ ವಾಸನೆ ತಾಳಲಾರದೆ ಹೊರಗಿನ ಕಟ್ಟೆಗೆ ಹೋಗಿ ಮಲಗಿದರು. ಒಳಗೆ ನಾನು, ಒಂದು ಕಂದೀಲು, ಮೊಳೆಗೆ ತೂಗುಬಿಟ್ಟ ಬಾಟಲಿ, ಮತ್ತೆ ಅಂಡಿಗೆಗಳ ನಡುವೆ ಗೌಡರು.

ಗುಟುರ್... ಗುಟುರ್... ಗುಟುರ್...

ಮೊದಲು ನಾನು ಲಕ್ಷ್ಯ ಕೊಡಲಿಲ್ಲ. ಮೂಲೆಯಲ್ಲಿ ಆ ವೈದ್ಯ ಬಿಟ್ಟುಹೋದ ಬುಟ್ಟಿ ಇತ್ತು, ಬಾಯಿಗೆ ಗೋಣಿತಟ್ಟು ಮುಚ್ಚಿತ್ತು. ಇನ್ನೊಂದು ಪಾರಿವಾಳ ಇರಬೇಕು, ನಾಳೆಗೆ ಅಂತ ಇಟ್ಟಿರಬೇಕು ಅಂದುಕೊಂಡೆ.

ಹೊತ್ತು ಹೋಗಲೊಲ್ಲದು. ನನ್ನ ಎದುರಿಗೆ ಆ ಮುಖ. ಪೇಢೆಯ ಪೊಟ್ಟಣ ನೆನಪಾಯಿತು, ಅಪ್ಪನ ನಗು ನೆನಪಾಯಿತು. ನಾನು ಕಂದೀಲು ಎತ್ತಿ ಗೌಡರ ಮುಖದ ಹತ್ತಿರ ಹಿಡಿದೆ. ಯಾರಿಗೂ ಕೇಳದಂತೆ, ಆದರೆ ಒಂದೊಂದೇ ಶಬ್ದ ಬಿಡಿಸಿ ಅಂದೆ:

"ಗೌಡ್ರ... ಯಲ್ಲ್ಯಾನ ಮಗ ಬಂದೇನ್ರಿ. ಬಿಎಸ್ಸಿ. ಎಮ್ಮಿ ಯಾರ್ ಎಳೀತಾರ ಅಂತ ಕೇಳಿದ್ರೆಲ್ಲ... ನೋಡ್ರಿ, ನಿಮ್ಮನ್ನ ಎಳಿಯಾಕ ಬಂದೇನಿ. ನಿಮ್ಮ ಮಂದಿ ಮೂಗ ಮುಚ್ಕೊಂಡು ಹೊರಗ ಮಲಗ್ಯಾರ. ನಿಮ್ಮ ವಾಂತಿ ಬಳಿಯಾಕ ನಾನs ಬೇಕಾತಲ್ರಿ."

ಗುಟುರ್ ಸಪ್ಪಳ ಗಪ್ಪನೆ ನಿಂತಿತು.

ಎಷ್ಟು ಹೊತ್ತೋ... ಕಂದೀಲಿನ ಬತ್ತಿ ಚಿರ್ ಅನ್ನುವುದು ಕೂಡ ಕೇಳಿಸುತ್ತಿತ್ತು. ಆಮೇಲೆ ಮತ್ತೆ ಶುರುವಾಯಿತು. ಗುಟುರ್... ಗುಟುರ್... ಈ ಸಲ ಜೋರಾಗಿ, ಅವಸರದಲ್ಲಿ.

ಆ ಹಕ್ಕಿಯನ್ನಾದರೂ ಬಿಟ್ಟುಬಿಡೋಣ ಎಂದು ಎದ್ದು, ಬುಟ್ಟಿಯ ಮೇಲಿನ ಗೋಣಿತಟ್ಟು ತೆಗೆದೆ. ಒಳಗೆ ಒಂದಿಷ್ಟು ಪುಚ್ಚ, ಒಣಗಿದ ರಕ್ತ, ಕೊಯ್ದ ಒಂದು ತಲೆ. ಕಣ್ಣಿನ ಮೇಲೆ ಇರುವೆ ಹತ್ತಿದ್ದವು. ಜೀವ ಇದ್ದದ್ದು ಯಾವುದೂ ಇರಲಿಲ್ಲ.

ಗುಟುರ್... ಗುಟುರ್...

ನನ್ನ ಬೆನ್ನ ಹಿಂದಿನಿಂದ.

ತಿರುಗಿದೆ. ಗೌಡರ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಆ ಸಪ್ಪಳ ಅಲ್ಲಿಂದ ಬರುತ್ತಿತ್ತು.

ಉಸಿರಿನ ದಾರಿಗೆ ಜೊಲ್ಲು ಅಡ್ಡ ಬಂದರೆ ಹಾಗೆ ಸಪ್ಪಳವಾಗುತ್ತದೆ ಎಂದು ನನ್ನ ಓದಿದ ತಲೆ ಹೇಳಿತು. ಕಾಲು ಕೇಳಲಿಲ್ಲ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವು. ಅಷ್ಟರಲ್ಲಿ ಗೌಡರಿಗೆ ಕೂತಲ್ಲೇ ಎಲ್ಲ ಆಯಿತು. ಆ ವಾಸನೆಯ ಮೇಲೆ ಈ ವಾಸನೆ. ಕರೆದರೆ ಯಾರೂ ಬರುವುದಿಲ್ಲ ಎಂದು ಗೊತ್ತಿತ್ತು. ಎದೆಗೆ ಕಟ್ಟಿದ್ದ ಧೋತರದ ತುಂಡು ಬಿಚ್ಚಿ, ಬಗಲಿಗೆ ಕೈ ಹಾಕಿ ಎಳೆದು, ಅವರನ್ನು ಜಮಖಾನೆಯ ಮೇಲೆ ಚಪ್ಪಟೆಯಾಗಿ ಮಲಗಿಸಿದೆ. ಕರುಣೆಯಿಂದಲ್ಲ. ನನ್ನ ಮೂಗು ತಡೆಯಲಿಲ್ಲ, ಅಷ್ಟೇ.

ಬಕೀಟಿನ ನೀರು ತಂದೆ. ಕೆಳಗೆ ಒರೆಸಿದೆ. ಕರಡಿಗೆಯನ್ನು ಬಾಜೂಕ ಸರಿಸಿ ಎದೆ ಒರೆಸಿದೆ. ನನ್ನ ಟವೆಲ್ಲಿನ ತುದಿ ಸುತ್ತಿ ಎಡಗಿವಿಯೊಳಗೆ ತಿರುವಿದೆ. ಒಳಗಿನ ಹೆಪ್ಪು ಒಂದೇ ತುಂಡಾಗಿ ಹೊರಗೆ ಬಂತು. ಕಪ್ಪಗೆ, ಮೆತ್ತಗೆ, ಸಣ್ಣ ಜಿಗಣೆಯಂತೆ. ಥೂ ಎಂದು ಕೊಡವಿ, ಬಲಗಿವಿಗೆಂದು ಮುಖ ಹೊರಳಿಸಿದೆ...

ಗೌಡರು ಕಣ್ಣು ಬಿಟ್ಟಿದ್ದರು.

ಆ ಕಣ್ಣು ಮಸುಕಾಗಿರಲಿಲ್ಲ. ನೇರ ನನ್ನನ್ನೇ ನೋಡುತ್ತಿತ್ತು. ಅತ್ತಿತ್ತ ಹೊರಳುತ್ತಿರಲಿಲ್ಲ. ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಅಷ್ಟೇ.

"ಗೌಡ್ರ, ನಾ ಅಂದದ್ದು ಕೇಳಸ್ತೈತೇನ್ರಿ? ಕೇಳಿಸಿದ್ರ ಕಣ್ಣ ಮ್ಯಾಲ ಮಾಡ್ರಿ."

ಕಣ್ಣು ಮೇಲೆ ಹೋಯಿತು.

ನಾನು ಇನ್ನೂ ಹತ್ತಿರ ಬಗ್ಗಿದೆ. "ಆಗಳೆ ಅಂದದ್ದು... ಅದೂ ಕೇಳಿಸ್ತೇನ್ರಿ?"

ಮತ್ತೆ ಮೇಲೆ.

ತಲೆಯ ಕೆಳಗೆ ಮಡಚಿದ ಕೌದಿ ಇಡೋಣವೆಂದು ಕುತ್ತಿಗೆ ಎತ್ತಿದೆ. ಎತ್ತುತ್ತಿದ್ದಂತೆಯೇ ರೆಪ್ಪೆ ಬಿದ್ದುಹೋಯಿತು, ಗುಟುರ್ ಸಪ್ಪಳ ಎದ್ದಿತು. ಇಳಿಸಿದೆ. ಕಣ್ಣು ತೆರೆಯಿತು, ಸಪ್ಪಳ ನಿಂತಿತು. ಕಣ್ಣು ಮುಚ್ಚಿ ತೆರೆಯುವ ಗೊಂಬೆ ಇರುತ್ತದಲ್ಲ, ಹಾಗೆ. ಆದರೆ ತಿರುವುಮುರುವು. ನಾನು ವಿಜ್ಞಾನ ಓದಿದವನು, ಖಾತ್ರಿ ಮಾಡಿಕೊಳ್ಳಲು ಎರಡನೆಯ ಸಲ ಎತ್ತಿ ಇಳಿಸಿದೆ. ಮೂರನೆಯ ಸಲವೂ ಎತ್ತಿದೆ.

ಮೂರನೆಯ ಸಲದ್ದು ಪರೀಕ್ಷೆಯಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಕೈಯೇ ಹೇಸಿಗೆಯಾಗುತ್ತಿದೆ. ಊರಿನ ಗೌಡರ ತಲೆ ನನ್ನ ಅಂಗೈಯಲ್ಲಿತ್ತು. ಎತ್ತಿದರೆ ಕಣ್ಣು ದೀಪದಂತೆ ಆರುತ್ತಿತ್ತು, ಇಳಿಸಿದರೆ ಹತ್ತುತ್ತಿತ್ತು. ನನಗೆ ಅದರಲ್ಲಿ ರುಚಿ ಬಂದಿತ್ತು. ಸ್ವಲ್ಪ ಹೊತ್ತು ಹಾಗೇ ಎತ್ತಿ ಹಿಡಿದೆ.

ಇಳಿಸಿದಾಗ ಕಣ್ಣು ತೆರೆಯಿತು. ಮತ್ತೆ... ತುಟಿ ಆಡಿದವು.

ಇಷ್ಟು ಹೊತ್ತು ಜೊಲ್ಲು ಸುರಿಸುತ್ತಿದ್ದ ಬಾಯಿಂದ ಅಗದಿ ಸ್ವಚ್ಛ ಮಾತು ಬಂತು. ತೊದಲಿಲ್ಲ, ಬಿಕ್ಕಿಲ್ಲ. ಪಕ್ಕದಲ್ಲಿ ಯಾರೋ ಕೂತು ಹೇಳಿದಂತೆ.

"ಸಾಹೇಬ... ನನ್ನ ಕುಂದ್ರಸಬ್ಯಾಡ್ರಿ. ಕುಂದ್ರಿಸಿದ್ರ ಕತ್ತಲಿ ಆಕ್ಕೈತಿ."

ಜೀವಮಾನದಲ್ಲಿ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯದೆ, ಯಲ್ಲ್ಯಾನ ಮಗ ಎಂದಷ್ಟೇ ಬಲ್ಲ ಮನುಷ್ಯ ಸಾಹೇಬ ಅಂದಿದ್ದರು. ನಾನು ಅವರ ಕೈ ಹಿಡಿದೆ. "ಇಲ್ರೀ ಗೌಡ್ರ. ಕುಂದ್ರಸಗೊಡೂದಿಲ್ಲ," ಅಂದೆ. ನಿಜವಾಗಿಯೇ ಅಂದೆ. ನೀಲವ್ವನವರನ್ನು ಕರೆಯಬೇಕು ಅಂದುಕೊಂಡೆ. ಆದರೆ ಕೈ ಬಿಟ್ಟು ಏಳಲು ಧೈರ್ಯ ಬರಲಿಲ್ಲ. ಬಾಟಲಿ ಹನಿಯುವುದನ್ನೇ ಎಣಿಸುತ್ತ ಕೂತೆ. ಅವರ ಕಣ್ಣು ನನ್ನ ಮೇಲಿಂದ ಸರಿಯಲಿಲ್ಲ.

ಬೆಳಕು ಮೂಡುವಾಗ ಬಾಗಿಲು ದಡಾರನೆ ತೆರೆಯಿತು. ಸಣ್ಣಗೌಡರು, ಅವರ ಹಿಂದೆ ಇಬ್ಬರು ಗಂಡಸರು, ಅವರ ಹಿಂದೆ ನೀಲವ್ವ.

"ಯಾವ ಮಗನs ಮಲಗಿಸಿದ್ದು?" ಸಣ್ಣಗೌಡರ ಕಣ್ಣು ಸರಿಸಿದ್ದ ಕರಡಿಗೆಯ ಮೇಲೆ ಬಿತ್ತು. "ಲಿಂಗಾ ಮುಟ್ಟಿದಿ? ಲೇ, ನೀ ಲಿಂಗಾ ಮುಟ್ಟಿದಿ?"

"ಹೊಲಸಾಗಿತ್ರಿ. ಒರಸಾಕ ಸರಿಸೇನ್ರಿ."

"ಹೊಲಸು ತಗಿಯಾಕ ಕರದ್ರ ಹೊಲಸ ಮಾಡಿ ಇಟ್ಟ್ಯಲ್ಲೋ! ಕಲತ ಜಾತಿ ಅಂತ ಒಳಗ ಬಿಟ್ಟದ್ದs ತಪ್ಪಾತು."

"ಮಲಗಿಸಿದ್ರ ಚಲೋ ಇರ್ತಾರ್ರಿ, ಕುಂದ್ರಸಬ್ಯಾಡ್ರಿ..." ಎಂದು ನಾನು ಬಾಯಿ ತೆರೆದೆ.

"ನಿನ್ನ ಯಾರ್ ಕೇಳಿದ್ರಲೇ?"

ನೀಲವ್ವ ಅವರನ್ನು ಸರಿಸಿ ಮುಂದೆ ಬಂದರು. ನನ್ನ ಮುಖವನ್ನೇ ನೋಡಿ ಕೇಳಿದರು: "ತಮ್ಮಾ, ಖರೇ ಹೇಳು. ರಾತ್ರಿ ಕಣ್ಣ ಬಿಟ್ಟಿದ್ರೇನು? ಏನರ ಅಂದ್ರೇನು?"

ಒಂದೇ ಶಬ್ದ ಸಾಕಿತ್ತು. ಹೌದು ಅಂದಿದ್ದರೆ ಆ ತಾಯಿ ಗಂಡನ ಮೇಲೆ ಬಿದ್ದಾದರೂ ತಡೆಯುತ್ತಿದ್ದರು. ಗೌಡರ ಮುಖ ಬಾಗಿಲಿಗೆ ಬೆನ್ನಾಗಿ ನನ್ನ ಕಡೆ ಹೊರಳಿತ್ತು, ನನಗೊಬ್ಬನಿಗೇ ಕಾಣುವಂತೆ ಅವರ ಕಣ್ಣು ಕೆಳಗಿನಿಂದ ನನ್ನನ್ನೇ ನೋಡುತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಆ 'ಲೇ' ಇನ್ನೂ ಸುಡುತ್ತಿತ್ತು. ಇವರ ಹೊಲಸು ಬಳಿದದ್ದು ನಾನು, ಹೊಲಸು ಅನ್ನಿಸಿಕೊಂಡದ್ದೂ ನಾನು. ಈ ಮನೆಯವರ ಮೇಲೆ ನನಗೆ ಎಷ್ಟು ಹೇಸಿಗೆ ಬಂದಿತ್ತೆಂದರೆ...

"ಇಲ್ರೀ ಅವ್ವಾರ," ಅಂದೆ. "ಏನೂ ಇಲ್ಲ. ಎಚ್ಚರs ಇರ್ಲಿಲ್ಲ."

ಇಬ್ಬರು ಬಗಲಿಗೆ ಕೈ ಕೊಟ್ಟು ಎತ್ತಿದರು. ತಲೆ ಮೇಲೆ ಬರುತ್ತ ಬರುತ್ತ ಗೌಡರ ಕಣ್ಣು ಕೊನೆಯ ಸಲ ನನ್ನ ಕಡೆ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇಷ್ಟು ವರ್ಷ ನಿದ್ದೆ ಕೆಡುತ್ತಿರಲಿಲ್ಲ. ಆಮೇಲೆ ರೆಪ್ಪೆ ಬಿತ್ತು. ಗುಟುರ್... ಗುಟುರ್...

ನಾನು ಚೀಲ ಎತ್ತಿಕೊಂಡು ಮೊದಲ ಬಸ್ಸು ಹಿಡಿದೆ. ಮಧ್ಯಾಹ್ನವೇ ಮಣ್ಣು ಮಾಡಿದರು ಎಂದು ಆಮೇಲೆ ಕೇಳಿದೆ. ಜೀವ ಯಾವಾಗ ಹೋಯಿತು, ಯಾರು ಕೈ ಹಿಡಿದು ನೋಡಿದರು, ಆ ಸಪ್ಪಳ ನಿಂತಿತ್ತೋ ಇಲ್ಲವೋ... ನಾನು ಇಂದಿಗೂ ಯಾರನ್ನೂ ಕೇಳಿಲ್ಲ. ಆ ರಾತ್ರಿಯ ಮಾತು ಯಾರಿಗೂ ಹೇಳಿಲ್ಲ. ಹೆಂಡತಿ ಶಾಂತಾಳಿಗೂ ಕೂಡ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ, ನಿವೃತ್ತನಾಗಿ ನವಲಗುಂದದಲ್ಲಿದ್ದಾಗ, ಒಂದು ಮಳೆಗಾಲದ ಮುಂಜಾನೆ ಚಹಾ ಕುಡಿಯುತ್ತಿದ್ದೆ. ಒಂದು ಕಪ್ಪು ಎರಡಾಗಿ ಕಂಡಿತು. ಗೋಡೆ ತಿರುಗಿತು. ವಾಂತಿ. ಶಾಂತಾಳನ್ನು ಕರೆಯಲು ಹೋದರೆ ನಾಲಿಗೆ ಬಾಯಿತುಂಬ ಆಗಿತ್ತು. ಪಕ್ಕದ ಮನೆಯವರು ಕಾರು ತಂದರು. ನನ್ನನ್ನು ಮುಂದಿನ ಸೀಟಿನಲ್ಲಿ ಕೂಡ್ರಿಸಿ, ಎದೆಗೆ ಬೆಲ್ಟು ಹಾಕಿ ಬಿಗಿದರು.

ಕೂಡ್ರಿಸುತ್ತಿದ್ದಂತೆಯೇ ಕತ್ತಲಾಯಿತು.

ಸತ್ತಂತೆ ಅಲ್ಲ. ಕಂಬಳಿ ಹೊದಿಸಿದಂತೆ. ದೂರದಿಂದ ಎಲ್ಲ ಕೇಳಿಸುತ್ತಿತ್ತು. "ಅಕ್ಕಾರ, ಕಿಡಕಿ ತಗೀರಿ, ವಾಸನಿ ತಡಿಯಾಕ ಆಗವಲ್ದು," ಎಂದು ಪಕ್ಕದ ಮನೆಯವರು ಅಂದದ್ದು ಕೇಳಿಸಿತು. ಒಳಗೆ ಕೂತು ಒದರಿಕೊಳ್ಳುತ್ತಿದ್ದೆ, ಮಲಗಿಸ್ರಿ, ಮಲಗಿಸ್ರಿ ಎಂದು. ಹೊರಗೆ ಒಂದು ಬೆರಳೂ ಅಲುಗಲಿಲ್ಲ. ಆಮೇಲೆ ಎಲ್ಲೋ ಕಾರು ನಿಂತಿತು. ಯಾರೋ ಎಳೆದು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದರು. ಬೆಳಕು ವಾಪಸು ಬಂತು. ಕಾರಿನ ಛತ್ತು ಕಂಡಿತು, ಶಾಂತಾಳ ಮುಖ ಕಂಡಿತು. ಕಣ್ಣು ಮೇಲೆ ಕೆಳಗೆ ಆಡಿಸಲು ಬರುತ್ತಿತ್ತು. ಅಷ್ಟೇ.

ಹುಬ್ಬಳ್ಳಿಯಲ್ಲಿ ಒಂದು ಸಪೂರ ಮೇಜಿನ ಮೇಲೆ ಹಾಸಿ, ತೊಡೆಯ ಸಂದಿಯಲ್ಲಿ ಚುಚ್ಚಿದರು. ನಮ್ಮ ಕಡೆಯವಳೇ ಆದ ಒಬ್ಬ ಡಾಕ್ಟರು, ನನ್ನ ಮಗಳ ವಯಸ್ಸು, ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಅಂಕಲ್, ಕೇಳಸ್ತೈತಿ ಅಂತ ಗೊತ್ತೈತ್ರಿ ನನಗ. ಪೈಜಾಮಕ್ಕ ಲಾಡಿ ಪೋಣಸ್ತಾರಲ್ರಿ, ಹಂಗ ತೊಡಿಯಿಂದ ಒಂದು ಸಣ್ಣ ನಳಿಗಿ ಮ್ಯಾಲ ತಲೀತನಕ ಹೋಗತೈತಿ. ಹಿಂದಿನ ನಾಳದಾಗ ಸಿಕ್ಕಿದ್ದನ್ನ ಎಳಕೊಂಡು ಬರ್ತೇವಿ. ಅಲುಗಬ್ಯಾಡ್ರಿ."

ಅಲುಗಬೇಡಿ ಅಂದಳು ಪುಣ್ಯಾತ್ಗಿತ್ತಿ! ತಲೆಯ ಹಿಂದೆ ಬಿಸಿನೀರು ಸುರಿದಂತಾಯಿತು. ಕಣ್ಣಲ್ಲಿ ಬಿಳಿ ಮಿಂಚು. ಯಾರೋ "ಇನ್ನs ಒಂದಿಷ್ಟ... ಹಾಂ, ಬಂತು ಬಂತು," ಅಂದರು. ನನ್ನ ಬಲಗೈಯ ಹೆಬ್ಬೆರಳು ತಾನಾಗಿಯೇ ಹಾಸಿಗೆಯನ್ನು ಗೀರಿತು.

ಮರುದಿನ, ಮಾತು ಬಂದ ಮೇಲೆ, ಆಕೆ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಬಿಳಿ ಬಟ್ಟೆಯ ಮೇಲೆ ನನ್ನ ತಲೆಯಿಂದ ತೆಗೆದದ್ದು. ಕಪ್ಪಗೆ, ಮೆತ್ತಗೆ, ಸಣ್ಣ ಜಿಗಣೆಯಂತೆ... ನಾನು ಅಲ್ಲಿಯೇ ವಾಂತಿ ಮಾಡಿಕೊಂಡೆ. ಅದನ್ನು ನಾನು ಮೊದಲೊಮ್ಮೆ ನೋಡಿದ್ದೆ. ನನ್ನ ಟವೆಲ್ಲಿನ ತುದಿಯಲ್ಲಿ.

"ಹಳೇ ಕಾಲದಾಗ ಇಂಥವ್ರಿಗೆ ಏನ್ ಮಾಡ್ತಿದ್ರಮ್ಮಾ?" ಎಂದು ಹೇಗೋ ಕೇಳಿದೆ.

"ಏನೂ ಇರ್ಲಿಲ್ರಿ ಅಂಕಲ್. ಆದ್ರ ಚಪ್ಪಟಿ ಮಲಗಿಸಿಟ್ರ ಹಿಂದಿನ ನಾಳಕ್ಕ ಒಂದಿಷ್ಟರ ರಕ್ತ ಹರೀತೈತಿ. ಹಂಗ ಒಬ್ಬೊಬ್ರು ಉಳದದ್ದೂ ಐತಿ." ಆಮೇಲೆ ಶಾಂತಾಳ ಕಡೆ ತಿರುಗಿ, "ಇವರನ್ನೂ ಅದs ಉಳಿಸಿದ್ದು. ಆಂಟಿ, ದಾರ್ಯಾಗ ಮಲಗಸಬೇಕು ಅಂತ ನಿಮಗ ಯಾರ್ ಹೇಳಿದ್ರು?"

"ನಾವೇನ್ ಶಾಣ್ಯಾರಲ್ರಿ," ಅಂದಳು ಶಾಂತಾ. "ಕುರಿ ಹಿಂಡು ಅಡ್ಡ ಬಂದು ಕಾರ್ ನಿಂತಿತ್ತು. ಒಬ್ಬ ಮುದುಕ ಕಿಡಕ್ಯಾಗ ಬಗ್ಗಿದ. ಬಿಳಿ ರುಮಾಲು. ಅವನ ಮೈ ವಾಸನಿ... ಶಿವನs! ಹಸಿ ರಕ್ತ, ಕೆಟ್ಟ ಎಣ್ಣಿ. ಸೆರಗು ಮೂಗಿಗೆ ಹಿಡ್ಕೊಂಡೆ. ಗಲ್ಲಕ್ಕ, ರುಮಾಲಿಗೆ ಹತ್ತಿ ಮೆತ್ತಿತ್ತು. ಒಂದು ಕಿವಿ ಸ್ವಚ್ಛ ಇತ್ತು, ಇನ್ನೊಂದರಾಗ ಏನೋ ಕಪ್ಪಗ ಗಟ್ಟಿಯಾಗಿತ್ತು. ಇವರನ್ನs ನೋಡ್ಕೋತ ಅಂದ..."

"ಏನಂದ?" ಎಂದೆ.

"ಸಾಹೇಬರನ್ನ ಕುಂದ್ರಸಬ್ಯಾಡವ್ವಾ, ಕುಂದ್ರಿಸಿದ್ರ ಕತ್ತಲಿ ಆಕ್ಕೈತಿ, ಅಂದ. ನಾ ತಿರುಗಿ ನೋಡೂದ್ರಾಗ ಇರ್ಲಿಲ್ಲ."

ಕಾರು ಓಡಿಸಿದವರನ್ನು ಆಮೇಲೆ ಕೇಳಿದೆ. ಕುರಿ ಅಡ್ಡ ಬಂದದ್ದು ಹೌದಂತೆ. ಮುದುಕ ಯಾರೂ ಇರಲಿಲ್ಲವಂತೆ. "ಅಕ್ಕಾರು ಒಮ್ಮಿಂದೊಮ್ಮೆಲೆ ಮಲಗಸ್ರಿ ಅಂತ ಚೀರಿದ್ರು. ಹಂಗ ಒಂದು ಕೆಟ್ಟ ನಾತ ಬಂದಿತ್ತು, ನಿಮ್ಮದs ಅಂದ್ಕೊಂಡೆ, ತಪ್ಪ ತಿಳ್ಕೋಬ್ಯಾಡ್ರಿ," ಅಂದರು. ಅದು ಮಳೆಗಾಲ. ಹೊಲದಲ್ಲಿ ಹತ್ತಿ ಇನ್ನೂ ಮೊಳಕಾಲೆತ್ತರ ಬಂದಿರಲಿಲ್ಲ.

ಪುಣ್ಯವಂತ, ಯಾರೋ ದೇವರಂತೆ ಬಂದು ಉಳಿಸಿದರು ಎಂದು ಬೀಗರೆಲ್ಲ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರು ಉಪಕಾರ ಮಾಡಲು ಬಂದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ನಾನು ನೀಲವ್ವನವರಿಗೆ ಹೇಳದೆ ನುಂಗಿದ ಮಾತನ್ನು ಅವರು ನನ್ನ ಹೆಂಡತಿಗೆ ಹೇಳಿ ಹೋದರು. ಅದೂ ನಾನು ಒರೆಸದೆ ಬಿಟ್ಟ ಆ ಬಲಗಿವಿಯನ್ನು ಹಾಗೆಯೇ ಹೊತ್ತುಕೊಂಡು ಬಂದು.

ಆ ದಿನದಿಂದ ನಾನು ದಿಂಬು ಇಟ್ಟುಕೊಳ್ಳುವುದಿಲ್ಲ. ಕೂತಲ್ಲಿ ತೂಕಡಿಸುವುದಿಲ್ಲ. ಬಸ್ಸಿನಲ್ಲೂ ಕಣ್ಣು ಮುಚ್ಚುವುದಿಲ್ಲ. ಕೆಲವು ರಾತ್ರಿ ಎಚ್ಚರವಾದಾಗ ಹಾಸಿಗೆಯ ಹತ್ತಿರವೇ ಆ ಸಪ್ಪಳ ಕೇಳುತ್ತದೆ. ದೀಪ ಹಚ್ಚಿ ಕಾಟಿನ ಕೆಳಗೆ ಹುಡುಕುತ್ತೇನೆ.

"ಏನ್ ಹುಡುಕ್ತೀರಿ? ನಿಮ್ಮ ಗಂಟಲದಾಗಿಂದs ಬರಾಕತ್ತೇತ್ರಿ. ಸುಮ್ಮನ ಮಕ್ಕೋರಿ," ಎಂದು ಶಾಂತಾ ಮಗ್ಗುಲು ಬದಲಿಸುತ್ತಾಳೆ.

ದೀಪ ಆರಿಸಿ ಚಪ್ಪಟೆಯಾಗಿ ಮಲಗುತ್ತೇನೆ. ಕಣ್ಣು ಮೇಲೆ, ಕೆಳಗೆ ಆಡಿಸಿ ನೋಡಿಕೊಳ್ಳುತ್ತೇನೆ. ಬೆಳಗಾಗುವವರೆಗೆ ಯಾರೂ ಬಂದು ನನ್ನನ್ನು ಎತ್ತಿ ಕೂಡ್ರಿಸದಿದ್ದರೆ ಸಾಕು.